ಸರ್ಕಾರಿ ಕಾಮಗಾರಿಗಳ ಪ್ರಮಾಣಿತ ಟೆಂಡರ್ ದಸ್ತಾವೇಜುಗಳು: ಗುತ್ತಿಗೆದಾರರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ರಸ್ತೆ, ಸೇತುವೆ, ಶಾಲಾ ಕಟ್ಟಡ, ಆಸ್ಪತ್ರೆ, ಕೆರೆ ಏರಿ ಮುಂತಾದ ಸರ್ಕಾರಿ ಕಾಮಗಾರಿಗಳನ್ನು ಗುತ್ತಿಗೆಗೆ ನೀಡುವಾಗ ಪ್ರತಿ ಕಾಮಗಾರಿಗೂ ಹೊಸದಾಗಿ ಕರಾರನ್ನು ಬರೆಯುವ ಪದ್ಧತಿ ಇರುವುದಿಲ್ಲ. ಸರ್ಕಾರವು ಮುಂಚಿತವಾಗಿ ಅನುಮೋದಿಸಿರುವ ಪ್ರಮಾಣಿತ ಟೆಂಡರ್ ದಸ್ತಾವೇಜಿನಲ್ಲಿ ಆಯಾ ಕಾಮಗಾರಿಯ ವಿವರಗಳನ್ನು ಭರ್ತಿ ಮಾಡಿ ಟೆಂಡರ್ ಕರೆಯಲಾಗುತ್ತದೆ. ಟೆಂಡರ್ ಅಂಗೀಕಾರವಾದ ನಂತರ ಇದೇ ದಸ್ತಾವೇಜು ಕರಾರಿನ ಭಾಗವಾಗುತ್ತದೆ.

ಅನೇಕ ಟೆಂಡರುದಾರರು, ವಿಶೇಷವಾಗಿ ಹೊಸದಾಗಿ ನೋಂದಣಿಯಾದ ಸಣ್ಣ ಗುತ್ತಿಗೆದಾರರು, ಪರಿಮಾಣ ಪಟ್ಟಿಯನ್ನು ಮಾತ್ರ ನೋಡಿ ದರ ನಮೂದಿಸಿ, ಉಳಿದ ಪುಟಗಳನ್ನು ಓದದೆ ಒಪ್ಪಿಗೆ ನೀಡುವುದುಂಟು. ಓದದಿದ್ದ ಷರತ್ತೂ ಓದಿದ ಷರತ್ತಿನಷ್ಟೇ ಬದ್ಧಗೊಳಿಸುತ್ತದೆ. ಠೇವಣಿ ಮುಟ್ಟುಗೋಲಾಗುವುದು, ಮಾಡಿದ ಹೆಚ್ಚುವರಿ ಕೆಲಸಕ್ಕೆ ಹಣ ಬಾರದಿರುವುದು, ವಿಳಂಬಕ್ಕೆ ದಂಡ ಕಡಿತವಾಗುವುದು ಇವು ಬಹುತೇಕ ಸಂದರ್ಭಗಳಲ್ಲಿ ದಸ್ತಾವೇಜಿನಲ್ಲಿ ಮೊದಲೇ ತಿಳಿಸಿರುವ ಪರಿಣಾಮಗಳೇ ಆಗಿರುತ್ತವೆ. ಈ ಹಿನ್ನೆಲೆಯಲ್ಲಿ ಪ್ರಮಾಣಿತ ದಸ್ತಾವೇಜಿನ ರಚನೆ, ಮುಖ್ಯ ಷರತ್ತುಗಳು ಹಾಗೂ ನಷ್ಟದ ಹೊಣೆ ಯಾರ ಮೇಲೆ ಬರುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಕಾನೂನಿನ ಹಿನ್ನೆಲೆ

ರಾಜ್ಯದಲ್ಲಿ ಸಾರ್ವಜನಿಕ ಸಂಗ್ರಹಣೆಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಅದರಡಿ ರಚಿಸಲಾದ 2000ದ ನಿಯಮಗಳಿಗೆ ಒಳಪಟ್ಟಿರುತ್ತದೆ. ಅಧಿನಿಯಮವು 2000ದ ಅಕ್ಟೋಬರ್ 4ರಂದು ಜಾರಿಗೆ ಬಂದಿತು. ಸರ್ಕಾರದ ಇಲಾಖೆಗಳಲ್ಲದೆ ನಿಗಮ, ಮಂಡಳಿ ಹಾಗೂ ಸ್ಥಳೀಯ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಅಧಿನಿಯಮದಲ್ಲಿ ವಿನಾಯಿತಿ ನೀಡಿರುವ ಸಂದರ್ಭಗಳನ್ನು ಹೊರತುಪಡಿಸಿ ಟೆಂಡರ್ ಮೂಲಕವಲ್ಲದೆ ಸಂಗ್ರಹಣೆ ಮಾಡುವಂತಿಲ್ಲ.

ಟೆಂಡರ್ ಆಹ್ವಾನಿಸುವ ಪ್ರಾಧಿಕಾರ, ಟೆಂಡರ್ ಅಂಗೀಕರಿಸುವ ಪ್ರಾಧಿಕಾರ ಮತ್ತು ಟೆಂಡರ್ ಪರಿಶೀಲನಾ ಸಮಿತಿ ಎಂಬ ವ್ಯವಸ್ಥೆಯನ್ನು ಅಧಿನಿಯಮವು ಕಲ್ಪಿಸಿದೆ. ರಾಜ್ಯದಲ್ಲಿ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯು 2007ರಲ್ಲಿ ಆರಂಭವಾಯಿತು. ಪ್ರಸ್ತುತ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಮೂಲಕ ಟೆಂಡರ್ ಪ್ರಕಟಣೆ ಹಾಗೂ ಸಲ್ಲಿಕೆ ನಡೆಯುತ್ತಿದೆ. ಟೆಂಡರ್ ಕಾಗದದಲ್ಲಿರಲಿ, ಪೋರ್ಟಲ್‌ನಲ್ಲಿರಲಿ, ಷರತ್ತುಗಳ ಬಲ ಒಂದೇ ಆಗಿರುತ್ತದೆ. ಡಿಜಿಟಲ್ ಸಹಿಯೂ ಕೈಬರಹದ ಸಹಿಯಂತೆಯೇ ಬದ್ಧಗೊಳಿಸುತ್ತದೆ. ಆದ್ದರಿಂದ ಡಿಜಿಟಲ್ ಸಹಿಯ ಸಾಧನ ಹಾಗೂ ಗುಪ್ತಪದವನ್ನು ಬೇರೆಯವರ ವಶಕ್ಕೆ ಕೊಡಬಾರದು.

3. ದಸ್ತಾವೇಜುಗಳ ವಿಧಗಳು

ಕಾಮಗಾರಿಗಳಿಗೆ ಸಂಬಂಧಿಸಿದ ಪ್ರಮಾಣಿತ ದಸ್ತಾವೇಜುಗಳು ಕೆ.ಡಬ್ಲ್ಯು. ಎಂಬ ಸರಣಿಯ ಹೆಸರಿನಿಂದ ಪರಿಚಿತವಾಗಿವೆ. ಕಾಮಗಾರಿಯ ಅಂದಾಜು ಮೊತ್ತವನ್ನು ಆಧರಿಸಿ ಯಾವ ನಮೂನೆಯನ್ನು ಬಳಸಬೇಕೆಂಬುದು ನಿರ್ಧಾರವಾಗುತ್ತದೆ. ಸಣ್ಣ ಮೊತ್ತದ ಕಾಮಗಾರಿಗಳ ನಮೂನೆಗಳು ಸಂಕ್ಷಿಪ್ತವಾಗಿದ್ದು, ಮೊತ್ತ ಹೆಚ್ಚಿದಂತೆ ಅರ್ಹತಾ ಷರತ್ತುಗಳೂ ಕರಾರಿನ ಷರತ್ತುಗಳೂ ವಿಸ್ತಾರವಾಗುತ್ತವೆ. ಮೊತ್ತದ ಮಿತಿಗಳು ಸರ್ಕಾರಿ ಆದೇಶಗಳ ಮೂಲಕ ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಟೆಂಡರ್ ಪ್ರಕಟಣೆಯಲ್ಲಿ ನಮೂದಿಸಿರುವ ನಮೂನೆಯನ್ನೇ ಆಧಾರವಾಗಿಟ್ಟುಕೊಳ್ಳತಕ್ಕದ್ದು. ಹಿಂದಿನ ಕಾಮಗಾರಿಯಲ್ಲಿ ಓದಿದ ದಸ್ತಾವೇಜು ಈ ಕಾಮಗಾರಿಗೂ ಅನ್ವಯಿಸುತ್ತದೆಂದು ಭಾವಿಸಬಾರದು.

ದೊಡ್ಡ ಹಾಗೂ ಕ್ಲಿಷ್ಟ ಕಾಮಗಾರಿಗಳಲ್ಲಿ ಪೂರ್ವಾರ್ಹತಾ ಪದ್ಧತಿಯನ್ನು ಅನುಸರಿಸಬಹುದಾಗಿರುತ್ತದೆ. ಇದರಲ್ಲಿ ಮೊದಲು ಅರ್ಹ ಗುತ್ತಿಗೆದಾರರನ್ನು ಗುರುತಿಸಿ, ನಂತರ ಅವರಿಂದ ಮಾತ್ರ ದರಗಳನ್ನು ಪಡೆಯಲಾಗುತ್ತದೆ. ಎರಡು ಲಕೋಟೆ ಪದ್ಧತಿಯಲ್ಲಿ ಅರ್ಹತೆ ಮತ್ತು ತಾಂತ್ರಿಕ ವಿವರಗಳ ಲಕೋಟೆಯನ್ನು ಮೊದಲು ತೆರೆಯಲಾಗುತ್ತದೆ. ಅದರಲ್ಲಿ ಅರ್ಹರೆಂದು ಕಂಡುಬಂದವರ ದರದ ಲಕೋಟೆಯನ್ನು ಮಾತ್ರ ಆನಂತರ ತೆರೆಯಲಾಗುತ್ತದೆ. ತಾಂತ್ರಿಕ ಲಕೋಟೆಯಲ್ಲಿ ದರವನ್ನು ಬಹಿರಂಗಪಡಿಸಿದಲ್ಲಿ ಟೆಂಡರ್ ತಿರಸ್ಕೃತವಾಗುವ ಸಂಭವವಿರುತ್ತದೆ.

4. ದಸ್ತಾವೇಜಿನ ಭಾಗಗಳು ಮತ್ತು ಆದ್ಯತೆಯ ಕ್ರಮ

ಕೆ.ಡಬ್ಲ್ಯು-4ರಂತಹ ವಿಸ್ತೃತ ನಮೂನೆಯಲ್ಲಿ ಸಾಮಾನ್ಯವಾಗಿ ಈ ಕೆಳಕಂಡ ಭಾಗಗಳಿರುತ್ತವೆ.

ಅ) ಟೆಂಡರ್ ಪ್ರಕಟಣೆ ಮತ್ತು ಟೆಂಡರುದಾರರಿಗೆ ಸೂಚನೆಗಳು
ಆ) ಅರ್ಹತಾ ಮಾಹಿತಿಯ ನಮೂನೆ, ಟೆಂಡರ್ ನಮೂನೆ, ಅಂಗೀಕಾರ ಪತ್ರ ಹಾಗೂ ಕರಾರು ಪತ್ರದ ನಮೂನೆಗಳು
ಇ) ಕರಾರಿನ ಷರತ್ತುಗಳು
ಈ) ಗುತ್ತಿಗೆ ಮಾಹಿತಿ
ಉ) ತಾಂತ್ರಿಕ ನಿರ್ದಿಷ್ಟತೆಗಳು ಮತ್ತು ನಕ್ಷೆಗಳು
ಊ) ಪರಿಮಾಣ ಪಟ್ಟಿ
ಋ) ಬ್ಯಾಂಕ್ ಖಾತರಿ ಹಾಗೂ ಇತರೆ ಭದ್ರತೆಗಳ ನಮೂನೆಗಳು

ಇವುಗಳಲ್ಲಿ ಕರಾರಿನ ಷರತ್ತುಗಳು ಎಲ್ಲ ಕಾಮಗಾರಿಗಳಿಗೂ ಸಮಾನವಾಗಿರುತ್ತವೆ. ಒಂದು ಕಾಮಗಾರಿಯನ್ನು ಮತ್ತೊಂದರಿಂದ ಪ್ರತ್ಯೇಕಿಸುವ ಭಾಗವೇ ಗುತ್ತಿಗೆ ಮಾಹಿತಿ. ಪೂರ್ಣಗೊಳಿಸುವ ಅವಧಿ, ದಿನವೊಂದಕ್ಕೆ ವಿಳಂಬ ದಂಡ, ಬಿಲ್ಲಿನಿಂದ ತಡೆಹಿಡಿಯುವ ಪ್ರಮಾಣ, ದೋಷ ಹೊಣೆಗಾರಿಕೆ ಅವಧಿ, ದರ ಹೊಂದಾಣಿಕೆ ಅನ್ವಯವಾಗುವುದೇ ಇಲ್ಲವೇ ಎಂಬ ವಿವರಗಳು ಈ ಕೆಲವೇ ಪುಟಗಳಲ್ಲಿರುತ್ತವೆ. ಸಮಯಾವಕಾಶ ಕಡಿಮೆಯಿರುವ ಟೆಂಡರುದಾರರು ಮೊಟ್ಟಮೊದಲು ಓದಬೇಕಾದ ಭಾಗ ಇದಾಗಿದೆ.

ಒಂದು ಭಾಗದಲ್ಲಿರುವ ಅಂಶವು ಮತ್ತೊಂದು ಭಾಗದಲ್ಲಿರುವ ಅಂಶಕ್ಕೆ ಹೊಂದಿಕೆಯಾಗದಿದ್ದಲ್ಲಿ ಯಾವುದು ಊರ್ಜಿತವೆಂಬುದನ್ನು ಆದ್ಯತೆಯ ಕ್ರಮವು ನಿರ್ಧರಿಸುತ್ತದೆ. ಕರಾರು ಪತ್ರ, ಅಂಗೀಕಾರ ಪತ್ರ ಮತ್ತು ಕಾರ್ಯಾರಂಭದ ಸೂಚನೆ, ಗುತ್ತಿಗೆದಾರನ ಟೆಂಡರ್, ಗುತ್ತಿಗೆ ಮಾಹಿತಿ, ಕರಾರಿನ ಷರತ್ತುಗಳು, ನಿರ್ದಿಷ್ಟತೆಗಳು, ನಕ್ಷೆಗಳು, ಪರಿಮಾಣ ಪಟ್ಟಿ, ಹೀಗೆ ಕ್ರಮವಿರುತ್ತದೆ. ಪರಿಮಾಣ ಪಟ್ಟಿಯು ಕೊನೆಯ ಭಾಗದಲ್ಲಿರುವುದನ್ನು ಗಮನಿಸತಕ್ಕದ್ದು. ಪಟ್ಟಿಯ ವಿವರಣೆಯಲ್ಲಿ ಒಂದು ಗುಣಮಟ್ಟವೂ ನಿರ್ದಿಷ್ಟತೆಯಲ್ಲಿ ಮತ್ತೊಂದು ಗುಣಮಟ್ಟವೂ ಇದ್ದಲ್ಲಿ ನಿರ್ದಿಷ್ಟತೆಯೇ ಮೇಲುಗೈ ಪಡೆಯುತ್ತದೆ. ಇಂತಹ ವ್ಯತ್ಯಾಸ ಕಂಡುಬಂದಲ್ಲಿ ಟೆಂಡರ್ ಸಲ್ಲಿಸುವ ಮುನ್ನವೇ ನಿಗದಿತ ದಿನಾಂಕದೊಳಗೆ ಸ್ಪಷ್ಟೀಕರಣ ಕೋರುವುದು ಸೂಕ್ತ. ಟೆಂಡರ್ ಪೂರ್ವ ಸಭೆಯನ್ನು ನಿಗದಿಪಡಿಸಿದ್ದಲ್ಲಿ ಅದಕ್ಕೆ ಹಾಜರಾಗುವುದು ಹಿತಕರ.

5. ದರ ನಮೂದಿಸುವ ವಿಧಾನಗಳು

ಶೇಕಡಾವಾರು ದರ: ಇದರಲ್ಲಿ ಇಲಾಖೆಯು ಪ್ರತಿ ಬಾಬ್ತಿಗೂ ದರ ನಮೂದಿಸಿರುತ್ತದೆ. ಟೆಂಡರುದಾರನು ಒಟ್ಟಾರೆ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಎಂದು ಮಾತ್ರ ತಿಳಿಸತಕ್ಕದ್ದು. ಉದಾಹರಣೆಗೆ, ಅಂದಾಜು ಮೊತ್ತ 40,00,000 ರೂಪಾಯಿಗಳಿದ್ದು ಶೇ. 8ರಷ್ಟು ಕಡಿಮೆ ಎಂದು ನಮೂದಿಸಿದಲ್ಲಿ ಟೆಂಡರ್ ಮೊತ್ತ 36,80,000 ರೂಪಾಯಿಗಳಾಗುತ್ತದೆ. ಈ ಕಡಿತವು ಎಲ್ಲ ಬಾಬ್ತುಗಳಿಗೂ ಸಮನಾಗಿ ಅನ್ವಯಿಸುತ್ತದೆ. ಪಟ್ಟಿಯಲ್ಲಿ ಘನ ಮೀಟರ್‌ಗೆ 250 ರೂಪಾಯಿಗಳಿರುವ ಅಗೆತದ ಕೆಲಸಕ್ಕೆ 230 ರೂಪಾಯಿಗಳಂತೆ ಪಾವತಿಯಾಗುತ್ತದೆ.

ಬಾಬ್ತುವಾರು ದರ: ಇದರಲ್ಲಿ ಪರಿಮಾಣಗಳನ್ನು ಇಲಾಖೆಯು ನೀಡುತ್ತದೆ, ಪ್ರತಿ ಬಾಬ್ತಿನ ದರವನ್ನು ಟೆಂಡರುದಾರನೇ ನಮೂದಿಸತಕ್ಕದ್ದು. ದರ ನಮೂದಿಸದೆ ಖಾಲಿ ಬಿಟ್ಟ ಬಾಬ್ತಿಗೆ ಪ್ರತ್ಯೇಕವಾಗಿ ಹಣ ಪಾವತಿಸಲಾಗುವುದಿಲ್ಲ. ಅದರ ವೆಚ್ಚವು ಇತರೆ ಬಾಬ್ತುಗಳ ದರದಲ್ಲಿ ಸೇರಿದೆಯೆಂದು ಪರಿಗಣಿಸಲಾಗುತ್ತದೆ. ಅಂಕಿಗಳಲ್ಲಿ ಹಾಗೂ ಅಕ್ಷರಗಳಲ್ಲಿ ಬರೆದ ದರಗಳಲ್ಲಿ ವ್ಯತ್ಯಾಸವಿದ್ದಲ್ಲಿ ಅಕ್ಷರಗಳಲ್ಲಿರುವ ದರವೂ, ಬಿಡಿ ದರಕ್ಕೂ ಒಟ್ಟು ಮೊತ್ತಕ್ಕೂ ವ್ಯತ್ಯಾಸವಿದ್ದಲ್ಲಿ ಬಿಡಿ ದರವೂ ಊರ್ಜಿತವಾಗುತ್ತವೆ.

ಈ ಎರಡೂ ವಿಧಾನಗಳಲ್ಲಿ ಪಟ್ಟಿಯ ಪರಿಮಾಣಗಳು ಅಂದಾಜು ಮಾತ್ರ. ಪಾವತಿಯು ವಾಸ್ತವವಾಗಿ ಅಳತೆಯಾದ ಪರಿಮಾಣವನ್ನು ಆಧರಿಸಿರುತ್ತದೆ. ಇಡಿಗಂಟು ಪದ್ಧತಿಯಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಪರಿಮಾಣದ ಹೆಚ್ಚಳದ ಹೊಣೆಯೂ ಬಹುಮಟ್ಟಿಗೆ ಗುತ್ತಿಗೆದಾರನದೇ ಆಗಿರುತ್ತದೆ. ವಿನ್ಯಾಸ, ಸಾಮಗ್ರಿ ಪೂರೈಕೆ ಮತ್ತು ನಿರ್ಮಾಣ ಮೂರನ್ನೂ ಒಬ್ಬರಿಗೇ ವಹಿಸುವ ಇ.ಪಿ.ಸಿ. ಕರಾರಿನಲ್ಲಿ ವಿನ್ಯಾಸದ ಹೊಣೆಯೂ ಸೇರುತ್ತದೆ. ಆದ್ದರಿಂದ ಮೊದಲು ವಿಧಾನವನ್ನು ಖಚಿತಪಡಿಸಿಕೊಂಡು ಆನಂತರ ದರ ಲೆಕ್ಕ ಹಾಕುವುದು ಅಗತ್ಯ.

6. ಅರ್ಹತೆ ಮತ್ತು ಟೆಂಡರ್ ಸಾಮರ್ಥ್ಯ

ನೋಂದಣಿ ಪ್ರಮಾಣಪತ್ರವಿದ್ದ ಮಾತ್ರಕ್ಕೆ ಎಲ್ಲ ಕಾಮಗಾರಿಗಳಿಗೂ ಅರ್ಹತೆ ದೊರೆಯುವುದಿಲ್ಲ. ವಾರ್ಷಿಕ ವಹಿವಾಟು, ಇದೇ ಸ್ವರೂಪದ ಕಾಮಗಾರಿಯನ್ನು ಪೂರ್ಣಗೊಳಿಸಿದ ಅನುಭವ, ಒಂದು ವರ್ಷದಲ್ಲಿ ನಿರ್ವಹಿಸಿದ ಮುಖ್ಯ ಬಾಬ್ತುಗಳ ಪರಿಮಾಣ, ಯಂತ್ರೋಪಕರಣಗಳು ಹಾಗೂ ತಾಂತ್ರಿಕ ಸಿಬ್ಬಂದಿಯ ವಿವರಗಳನ್ನು ದಾಖಲೆಗಳೊಂದಿಗೆ ಸಲ್ಲಿಸಬೇಕಾಗುತ್ತದೆ.

ಇವುಗಳ ಜೊತೆಗೆ ಕೆ.ಡಬ್ಲ್ಯು-4ರಲ್ಲಿ ಟೆಂಡರ್ ಸಾಮರ್ಥ್ಯದ ಸೂತ್ರವಿದೆ. ಕಳೆದ ಐದು ವರ್ಷಗಳ ಪೈಕಿ ಯಾವುದಾದರೂ ಒಂದು ವರ್ಷದಲ್ಲಿ ನಿರ್ವಹಿಸಿದ ಗರಿಷ್ಠ ಮೊತ್ತದ ಕೆಲಸವನ್ನು (ಪ್ರಸಕ್ತ ಬೆಲೆ ಮಟ್ಟಕ್ಕೆ ಪರಿಷ್ಕರಿಸಿ) ಕಾಮಗಾರಿಯ ಅವಧಿಯ ವರ್ಷಗಳಿಂದ ಹಾಗೂ 1.5ರಿಂದ ಗುಣಿಸಿ, ಅದೇ ಅವಧಿಯಲ್ಲಿ ಪೂರ್ಣಗೊಳಿಸಬೇಕಾದ ಕೈಯಲ್ಲಿರುವ ಕೆಲಸಗಳ ಮೊತ್ತವನ್ನು ಕಳೆಯತಕ್ಕದ್ದು.

ಉದಾಹರಣೆ: ಒಬ್ಬ ಗುತ್ತಿಗೆದಾರನ ಗರಿಷ್ಠ ವಾರ್ಷಿಕ ಕೆಲಸ 60 ಲಕ್ಷ ರೂಪಾಯಿ, ಹೊಸ ಕಾಮಗಾರಿಯ ಅವಧಿ 1 ವರ್ಷ, ಕೈಯಲ್ಲಿರುವ ಕೆಲಸ 35 ಲಕ್ಷ ರೂಪಾಯಿ ಎಂದಿರಲಿ. 60 × 1 × 1.5 = 90; ಇದರಲ್ಲಿ 35 ಕಳೆದರೆ ಸಾಮರ್ಥ್ಯವು 55 ಲಕ್ಷ ರೂಪಾಯಿಗಳಾಗುತ್ತದೆ. 50 ಲಕ್ಷ ರೂಪಾಯಿಗಳ ಕಾಮಗಾರಿಗೆ ಆತನು ಈ ಷರತ್ತಿನನ್ವಯ ಅರ್ಹನಾಗುತ್ತಾನೆ. ಕಾಮಗಾರಿಯ ಅವಧಿ 9 ತಿಂಗಳಾಗಿದ್ದು, ಕೈಯಲ್ಲಿರುವ ಕೆಲಸವೆಲ್ಲವೂ ಅದೇ 9 ತಿಂಗಳಲ್ಲಿ ಮುಗಿಯಬೇಕಿದ್ದಲ್ಲಿ 60 × 0.75 × 1.5 = 67.5, ಇದರಲ್ಲಿ 35 ಕಳೆದರೆ 32.5 ಲಕ್ಷ ಮಾತ್ರ ಉಳಿಯುತ್ತದೆ. ಅದೇ 50 ಲಕ್ಷದ ಕಾಮಗಾರಿಗೆ ಆತನು ಅರ್ಹನಾಗುವುದಿಲ್ಲ.

ಕೈಯಲ್ಲಿರುವ ಕೆಲಸಗಳನ್ನು ಮರೆಮಾಚಿ ಸಾಮರ್ಥ್ಯವನ್ನು ಹೆಚ್ಚಿಸಿ ತೋರಿಸುವುದು ಸುಳ್ಳು ಹೇಳಿಕೆಯಾಗುತ್ತದೆ. ಇದು ಕಂಡುಬಂದಲ್ಲಿ, ಉಳಿದೆಲ್ಲ ಅರ್ಹತೆಗಳಿದ್ದರೂ ಟೆಂಡರುದಾರನನ್ನು ಅನರ್ಹಗೊಳಿಸಬಹುದಾಗಿರುತ್ತದೆ. ಈ ಸೂತ್ರವು ಗುತ್ತಿಗೆದಾರನಿಗೂ ಒಂದು ಎಚ್ಚರಿಕೆಯಾಗಿದೆ. ಶಕ್ತಿಮೀರಿ ಕಾಮಗಾರಿಗಳನ್ನು ಒಪ್ಪಿಕೊಂಡಲ್ಲಿ ಒಂದು ಕಾಮಗಾರಿಯ ಹಣ ಮತ್ತೊಂದಕ್ಕೆ ಹೋಗಿ, ಕೊನೆಗೆ ಎಲ್ಲವೂ ಅರ್ಧಕ್ಕೆ ನಿಲ್ಲುವ ಸ್ಥಿತಿ ಬರುತ್ತದೆ.

7. ಠೇವಣಿಗಳು

ಇ.ಎಂ.ಡಿ.: ಟೆಂಡರ್‌ನೊಂದಿಗೆ ಪಾವತಿಸುವ ಈ ಮೊತ್ತವನ್ನು ಅಸಫಲ ಟೆಂಡರುದಾರರಿಗೆ ಹಿಂದಿರುಗಿಸಲಾಗುತ್ತದೆ. ಟೆಂಡರ್ ಊರ್ಜಿತ ಅವಧಿಯೊಳಗೆ ಟೆಂಡರನ್ನು ಹಿಂಪಡೆದಲ್ಲಿ, ಅಥವಾ ಅಂಗೀಕಾರ ಪತ್ರ ಪಡೆದ ನಂತರ ನಿಗದಿತ ಅವಧಿಯಲ್ಲಿ ಭದ್ರತಾ ಠೇವಣಿ ನೀಡದೆ ಇಲ್ಲವೇ ಕರಾರಿಗೆ ಸಹಿ ಮಾಡದೆ ಇದ್ದಲ್ಲಿ ಇ.ಎಂ.ಡಿ. ಮುಟ್ಟುಗೋಲಾಗುತ್ತದೆ. ದರವನ್ನು ತಪ್ಪಾಗಿ ಲೆಕ್ಕ ಹಾಕಲಾಯಿತೆಂಬ ಕಾರಣವು ಇದರಿಂದ ವಿನಾಯಿತಿ ನೀಡುವುದಿಲ್ಲ.

ಭದ್ರತಾ ಠೇವಣಿ: ಕೆಲಸವನ್ನು ಕರಾರಿನಂತೆ ನಿರ್ವಹಿಸುವ ಭರವಸೆಗಾಗಿ ಇದನ್ನು ಪಡೆಯಲಾಗುತ್ತದೆ. ಬ್ಯಾಂಕ್ ಖಾತರಿಯ ರೂಪದಲ್ಲಿ ನೀಡಿದಲ್ಲಿ ಅದರ ಅವಧಿಯು ಮುಗಿಯುವ ಮುನ್ನ ನವೀಕರಿಸುವುದು ಗುತ್ತಿಗೆದಾರನ ಹೊಣೆ.

ಹೆಚ್ಚುವರಿ ಭದ್ರತೆ: ಟೆಂಡರ್ ದರವು ಇಲಾಖೆಯ ಅಂದಾಜಿಗೆ ಹೋಲಿಸಿದಾಗ ತೀರಾ ಅಸಮತೋಲನವಾಗಿದ್ದಲ್ಲಿ ದರ ವಿಶ್ಲೇಷಣೆಯನ್ನು ಕೇಳಿ, ಹೆಚ್ಚುವರಿ ಭದ್ರತೆಯನ್ನು ಪಡೆಯಬಹುದಾಗಿರುತ್ತದೆ. ಕಾಮಗಾರಿ ದೊರಕಲಿ ಎಂದು ಅತಿ ಕಡಿಮೆ ದರ ನಮೂದಿಸಿದವರು ಕೆಲಸ ಆರಂಭಿಸುವ ಮೊದಲೇ ದುಡಿಯುವ ಬಂಡವಾಳವನ್ನು ಭದ್ರತೆಯ ರೂಪದಲ್ಲಿ ಕಟ್ಟಬೇಕಾದ ಪ್ರಸಂಗ ಬರುತ್ತದೆ. ಟೆಂಡರ್ ಹಾಕುವಾಗಲೇ ಈ ಮೊತ್ತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

8. ಕಾಮಗಾರಿಯ ಅವಧಿಯಲ್ಲಿ ಗಮನಿಸಬೇಕಾದ ಅಂಶಗಳು

ಅಳತೆ: ಮುಂದಿನ ಕೆಲಸದಿಂದ ಮುಚ್ಚಿಹೋಗುವ ಭಾಗಗಳನ್ನು, ಉದಾಹರಣೆಗೆ ತಳಪಾಯದ ಅಗೆತ, ಕಬ್ಬಿಣದ ಕಂಬಿ ಕಟ್ಟುವಿಕೆ, ನೆಲದಡಿಯ ಕೊಳವೆ ಇವುಗಳನ್ನು ಮುಚ್ಚುವ ಮೊದಲೇ ಇಂಜಿನಿಯರಿಗೆ ತಿಳಿಸಿ ಅಳತೆ ದಾಖಲಿಸಿಕೊಳ್ಳಬೇಕು. ಅಳತೆ ಪುಸ್ತಕದಲ್ಲಿ ದಾಖಲಾಗದ ಕೆಲಸಕ್ಕೆ ಬಿಲ್ಲು ತಯಾರಿಸಲಾಗುವುದಿಲ್ಲ.

ಹೆಚ್ಚುವರಿ ಕೆಲಸ: ಸ್ಥಳದಲ್ಲಿ ಬಾಯಿಮಾತಿನಲ್ಲಿ ನೀಡಿದ ಸೂಚನೆಯ ಮೇರೆಗೆ ಮಾಡಿದ ಕೆಲಸವೇ ಅತಿ ಹೆಚ್ಚು ವಿವಾದಗಳಿಗೆ ಕಾರಣವಾಗುತ್ತದೆ. ಪಟ್ಟಿಯಲ್ಲಿಲ್ಲದ ಬಾಬ್ತನ್ನು ಸಕ್ಷಮ ಪ್ರಾಧಿಕಾರದ ಲಿಖಿತ ಆದೇಶ ಹಾಗೂ ದರ ನಿಗದಿಯ ನಂತರವೇ ಕೈಗೊಳ್ಳತಕ್ಕದ್ದು. ಪಟ್ಟಿಯಲ್ಲಿರುವ ಬಾಬ್ತಿನ ಪರಿಮಾಣವು ಷರತ್ತಿನಲ್ಲಿ ತಿಳಿಸಿದ ಮಿತಿಯನ್ನು ಮೀರಿದಲ್ಲಿ ಹೆಚ್ಚಿನ ಭಾಗಕ್ಕೆ ಬೇರೆ ದರ ಅನ್ವಯವಾಗಬಹುದಾದ್ದರಿಂದ ಮಿತಿ ಸಮೀಪಿಸಿದಾಗಲೇ ಪತ್ರ ಬರೆಯುವುದು ಒಳ್ಳೆಯದು.

ಅವಧಿ ವಿಸ್ತರಣೆ: ನಿವೇಶನವನ್ನು ಸಕಾಲದಲ್ಲಿ ಹಸ್ತಾಂತರಿಸದಿರುವುದು, ನಕ್ಷೆ ತಡವಾಗಿ ದೊರೆತಿರುವುದು ಮುಂತಾದ ಇಲಾಖೆಯ ಕಡೆಯ ಕಾರಣಗಳಿಂದ ವಿಳಂಬವಾದಲ್ಲಿ ಗುತ್ತಿಗೆದಾರನು ಅವಧಿ ವಿಸ್ತರಣೆಗೆ ಹಕ್ಕುಳ್ಳವನಾಗಿರುತ್ತಾನೆ. ಆದರೆ ಅಡಚಣೆ ಉಂಟಾದ ಕೂಡಲೇ ಲಿಖಿತವಾಗಿ ಮುನ್ಸೂಚನೆ ನೀಡುವುದು ಷರತ್ತಿನ ಭಾಗ. ಅಂತಿಮ ಬಿಲ್ಲಿನ ಹಂತದಲ್ಲಿ ಮೊದಲ ಬಾರಿಗೆ ಹೇಳುವ ಕಾರಣಗಳನ್ನು ಸಾಬೀತುಪಡಿಸುವುದು ಕಷ್ಟ. ದಿನಕ್ಕೆ 2,000 ರೂಪಾಯಿ ದಂಡ ನಿಗದಿಯಾಗಿರುವ ಕಾಮಗಾರಿಯಲ್ಲಿ 45 ದಿನಗಳ ವಿಳಂಬಕ್ಕೆ 90,000 ರೂಪಾಯಿ ಕಡಿತವಾಗುತ್ತದೆ. ಸಣ್ಣ ಕಾಮಗಾರಿಯ ಲಾಭವೆಲ್ಲವೂ ಇಷ್ಟರಲ್ಲೇ ಕಳೆದುಹೋಗಬಹುದು.

ದೋಷ ಹೊಣೆಗಾರಿಕೆ: ಪೂರ್ಣಗೊಂಡ ನಂತರವೂ ಗುತ್ತಿಗೆ ಮಾಹಿತಿಯಲ್ಲಿ ತಿಳಿಸಿದ ಅವಧಿಯವರೆಗೆ ಕಂಡುಬರುವ ದೋಷಗಳನ್ನು ಗುತ್ತಿಗೆದಾರನು ಸ್ವಂತ ಖರ್ಚಿನಿಂದ ಸರಿಪಡಿಸತಕ್ಕದ್ದು. ಸರಿಪಡಿಸದಿದ್ದಲ್ಲಿ ಇಲಾಖೆಯು ಬೇರೆಯವರಿಂದ ಮಾಡಿಸಿ ವೆಚ್ಚವನ್ನು ಆತನ ಠೇವಣಿಯಿಂದ ವಸೂಲು ಮಾಡಬಹುದು.

9. ನಷ್ಟದ ಹೊಣೆ ಯಾರದು?

ಯುದ್ಧ, ದಂಗೆ, ಗಲಭೆ ಹಾಗೂ ಇಲಾಖೆಯೇ ನೀಡಿದ ವಿನ್ಯಾಸದಿಂದ ಮಾತ್ರ ಉಂಟಾದ ಹಾನಿ ಇವು ಕೆ.ಡಬ್ಲ್ಯು-4ರಂತಹ ನಮೂನೆಯಲ್ಲಿ ನಿಯೋಜಕರ, ಅಂದರೆ ಇಲಾಖೆಯ ಹೊಣೆಯಾಗಿರುತ್ತವೆ. ಕೆಲಸ ನಡೆಯುತ್ತಿರುವಾಗ ಸಂಭವಿಸುವ ಇತರೆ ಹಾನಿಗಳು, ಸಾಮಗ್ರಿಗಳ ಕಳವು, ಅಪಘಾತ ಇವುಗಳ ಹೊಣೆ ಗುತ್ತಿಗೆದಾರನದು. ಈ ಕಾರಣದಿಂದಲೇ ವಿಮೆಯ ಷರತ್ತನ್ನು ಸೇರಿಸಲಾಗಿದೆ. ವಿಮಾ ಕಂತನ್ನು ಉಳಿಸುವ ಉದ್ದೇಶದಿಂದ ಈ ಷರತ್ತನ್ನು ಕಡೆಗಣಿಸಿದವರು ಒಂದು ಮಳೆಗಾಲದ ಹಾನಿಯನ್ನು ಕೈಯಿಂದ ಭರಿಸಬೇಕಾದೀತು.

ಬೆಲೆ ಏರಿಕೆಗೆ ಸಂಬಂಧಿಸಿದಂತೆ, ದರ ಹೊಂದಾಣಿಕೆಯು ಅನ್ವಯಿಸುವುದಿಲ್ಲವೆಂದು ಗುತ್ತಿಗೆ ಮಾಹಿತಿಯಲ್ಲಿ ತಿಳಿಸಿದ್ದಲ್ಲಿ ಸಿಮೆಂಟ್, ಕಬ್ಬಿಣ, ಡಾಂಬರುಗಳ ಬೆಲೆ ಏರಿದರೂ ಟೆಂಡರ್ ದರವೇ ಸ್ಥಿರವಾಗಿರುತ್ತದೆ. ತೆರಿಗೆಗಳು ದರದಲ್ಲಿ ಸೇರಿವೆಯೇ ಅಥವಾ ಪ್ರತ್ಯೇಕವೇ ಎಂಬುದನ್ನೂ ಟೆಂಡರ್ ಪ್ರಕಟಣೆಯಿಂದ ಖಚಿತಪಡಿಸಿಕೊಳ್ಳತಕ್ಕದ್ದು.

10. ಅನ್ಯ ಪದ್ಧತಿ: ಹೊಣೆ ಹೊತ್ತ ನಿರ್ಮಾಣ ವ್ಯವಸ್ಥಾಪಕ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರಚಲಿತವಾಗಿರುವ 'ಕನ್‌ಸ್ಟ್ರಕ್ಷನ್ ಮ್ಯಾನೇಜರ್ ಅಟ್ ರಿಸ್ಕ್' ಪದ್ಧತಿಯ ಬಗ್ಗೆ ಇಂಜಿನಿಯರುಗಳು ಹಾಗೂ ಗುತ್ತಿಗೆದಾರರು ವಿಚಾರಿಸುವುದುಂಟು. ಅಲ್ಲಿನ ಪದ್ಧತಿಯೊಂದಿಗೆ ಹೋಲಿಸಿದಾಗ ಇಲ್ಲಿನ ಕರಾರಿನಲ್ಲಿ ಹೊಣೆಯ ಹಂಚಿಕೆ ಹೇಗಿದೆ ಎಂಬುದೂ ಸ್ಪಷ್ಟವಾಗುವುದರಿಂದ ಸಂಕ್ಷಿಪ್ತ ವಿವರ ನೀಡಲಾಗಿದೆ.

ಈ ಪದ್ಧತಿಯಲ್ಲಿ ವಿನ್ಯಾಸವು ಪೂರ್ಣಗೊಳ್ಳುವ ಮೊದಲೇ ನಿರ್ಮಾಣ ವ್ಯವಸ್ಥಾಪಕನನ್ನು ಆಯ್ಕೆ ಮಾಡಲಾಗುತ್ತದೆ. ಮೊದಲ ಹಂತದಲ್ಲಿ ಆತನು ವಾಸ್ತುಶಿಲ್ಪಿಯೊಂದಿಗೆ ಕುಳಿತು ವೆಚ್ಚದ ಅಂದಾಜು, ಕಾಲಪಟ್ಟಿ ಹಾಗೂ ನಿರ್ಮಾಣ ಸಾಧ್ಯತೆಯ ಬಗ್ಗೆ ಸಲಹೆ ನೀಡುತ್ತಾನೆ. ವಿನ್ಯಾಸವು ಸಾಕಷ್ಟು ಮುಂದುವರಿದ ನಂತರ ಖಾತರಿಪಡಿಸಿದ ಗರಿಷ್ಠ ಬೆಲೆಯನ್ನು ಒಪ್ಪಿ, ಎರಡನೆಯ ಹಂತದಲ್ಲಿ ಉಪಗುತ್ತಿಗೆದಾರರ ಮೂಲಕ ನಿರ್ಮಾಣ ಮಾಡಿಸುತ್ತಾನೆ. ಮಾಲೀಕನು ವಾಸ್ತವ ವೆಚ್ಚ ಹಾಗೂ ಒಪ್ಪಿದ ಶುಲ್ಕವನ್ನು ನೀಡುತ್ತಾನೆ. ಗರಿಷ್ಠ ಬೆಲೆಯನ್ನು ಮೀರಿದ ವೆಚ್ಚವು ವ್ಯವಸ್ಥಾಪಕನ ಪಾಲಿಗೆ ಬರುತ್ತದೆ. ಉದಾಹರಣೆಗೆ ಗರಿಷ್ಠ ಬೆಲೆ 100 ಲಕ್ಷ ಡಾಲರ್ ಇದ್ದು, ಶುಲ್ಕ ಸೇರಿ ವೆಚ್ಚವು 105 ಲಕ್ಷ ಡಾಲರ್ ಆದಲ್ಲಿ 5 ಲಕ್ಷ ಡಾಲರ್ ಆತನ ನಷ್ಟ. 94 ಲಕ್ಷ ಡಾಲರ್ ಆದಲ್ಲಿ 6 ಲಕ್ಷ ಡಾಲರ್ ಉಳಿತಾಯವು ಮಾಲೀಕನಿಗೆ ಸೇರುವುದೋ ಇಬ್ಬರಿಗೂ ಹಂಚಿಕೆಯಾಗುವುದೋ ಎಂಬುದು ಕರಾರನ್ನು ಅವಲಂಬಿಸಿದೆ. ಮಾಲೀಕನೇ ಕೆಲಸದ ವ್ಯಾಪ್ತಿಯನ್ನು ಬದಲಾಯಿಸಿದಲ್ಲಿ ಗರಿಷ್ಠ ಬೆಲೆಯನ್ನು ಪರಿಷ್ಕರಿಸಲಾಗುತ್ತದೆ.

ಇದಕ್ಕಾಗಿ ಅಲ್ಲಿಯೂ ಪ್ರಮಾಣಿತ ನಮೂನೆಗಳಿವೆ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯಾದ ಎ.ಐ.ಎ. ಸಿದ್ಧಪಡಿಸಿರುವ ಎ133-2019 ನಮೂನೆಯು ಮಾಲೀಕ ಹಾಗೂ ನಿರ್ಮಾಣ ವ್ಯವಸ್ಥಾಪಕರ ನಡುವಿನ ಕರಾರು. ಗರಿಷ್ಠ ಬೆಲೆಯ ತಿದ್ದುಪಡಿಯು ಇದರ ಅನುಬಂಧವಾಗಿದೆ. ಸಾಮಾನ್ಯ ಷರತ್ತುಗಳಿಗೆ ಎ201-2017 ಹಾಗೂ ವಾಸ್ತುಶಿಲ್ಪಿಯ ಕರಾರಿಗೆ ಬಿ133-2019 ನಮೂನೆಗಳನ್ನು ಇದರೊಂದಿಗೆ ಬಳಸಲಾಗುತ್ತದೆ. 2007ರಲ್ಲಿ ಆರಂಭವಾದ ಕನ್ಸೆನ್ಸಸ್‌ಡಾಕ್ಸ್ ಸರಣಿಯಲ್ಲಿ 500 ಸಂಖ್ಯೆಯ ನಮೂನೆಯು ಇದೇ ಉದ್ದೇಶದ್ದಾಗಿದೆ. ವೆಚ್ಚದ ಲೆಕ್ಕಪತ್ರಗಳನ್ನು ಮಾಲೀಕನ ತಪಾಸಣೆಗೆ ಮುಕ್ತವಾಗಿಡುವುದು ಈ ಪದ್ಧತಿಯ ಮುಖ್ಯ ರಕ್ಷಣೆ.

ಸರ್ಕಾರಿ ಕಾಮಗಾರಿಗಳಿಗೆ ಇದನ್ನು ಬಳಸಲು ಆಯಾ ರಾಜ್ಯಗಳು ಕಾನೂನು ಮಾಡಿಕೊಂಡಿವೆ. ಮ್ಯಾಸಚೂಸೆಟ್ಸ್ ರಾಜ್ಯವು 2004ರಲ್ಲಿ 50 ಲಕ್ಷ ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಅಂದಾಜಿನ ಕಟ್ಟಡಗಳಿಗೆ ಅವಕಾಶ ನೀಡಿತು. ಟೆಕ್ಸಾಸ್‌ನ ಸರ್ಕಾರಿ ಸಂಹಿತೆಯ 2269ನೇ ಅಧ್ಯಾಯದನ್ವಯ ಉಪಗುತ್ತಿಗೆಯ ಪ್ರಮುಖ ಕೆಲಸಗಳಿಗೆ ಬಹಿರಂಗ ಪ್ರಕಟಣೆ ನೀಡತಕ್ಕದ್ದು. ಗರಿಷ್ಠ ಬೆಲೆ ಇನ್ನೂ ನಿಗದಿಯಾಗದಿರುವಾಗ ಕರಾರಾದಲ್ಲಿ ನಿರ್ಮಾಣ ಆಯವ್ಯಯಕ್ಕೆ ಸಮನಾದ ಭದ್ರತಾ ಬಾಂಡುಗಳನ್ನು ನೀಡತಕ್ಕದ್ದು. ಹೆದ್ದಾರಿಗಳಿಗೆ ಇದೇ ಬಗೆಯ ಪದ್ಧತಿಯನ್ನು ಬಳಸಲು 2012ರ ಒಕ್ಕೂಟ ಕಾಯ್ದೆಯು ಅವಕಾಶ ಕಲ್ಪಿಸಿತು.

ನಮ್ಮಲ್ಲಿ ದೊಡ್ಡ ಯೋಜನೆಗಳಿಗೆ ನೇಮಕವಾಗುವ ಯೋಜನಾ ನಿರ್ವಹಣಾ ಸಲಹೆಗಾರರನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಸಲಹೆಗಾರರು ಶುಲ್ಕ ಪಡೆದು ಮೇಲ್ವಿಚಾರಣೆ ನಡೆಸುತ್ತಾರೆ. ನಿರ್ಮಾಣ ವೆಚ್ಚವು ಮಿತಿ ಮೀರಿದರೆ ಅದನ್ನು ತುಂಬಿಕೊಡುವ ಖಾತರಿಯನ್ನು ಅವರು ನೀಡುವುದಿಲ್ಲ. ಬಾಬ್ತುವಾರು ಕರಾರಿನಲ್ಲಿ ಪರಿಮಾಣದ ಏರಿಳಿತವು ಇಲಾಖೆಯದು, ದರದ ಏರಿಳಿತವು ಗುತ್ತಿಗೆದಾರನದು. ಅಮೆರಿಕದ ಈ ಪದ್ಧತಿಯಲ್ಲಿ ಒಟ್ಟು ಬೆಲೆಯ ಮಿತಿಯೇ ವ್ಯವಸ್ಥಾಪಕನ ಹೊಣೆ.

11. ಕಾರ್ಮಿಕರ ಹಿತರಕ್ಷಣೆ

ಕಾರ್ಮಿಕರಿಗೆ ಕನಿಷ್ಠ ವೇತನವನ್ನು ಸಕಾಲದಲ್ಲಿ ಪಾವತಿಸುವುದು, ಸುರಕ್ಷತಾ ಸಾಧನಗಳನ್ನು ಒದಗಿಸುವುದು ಹಾಗೂ ಕಾರ್ಮಿಕ ಕಾನೂನುಗಳನ್ನು ಪಾಲಿಸುವುದು ಕರಾರಿನ ಷರತ್ತುಗಳಾಗಿವೆ. ಗುತ್ತಿಗೆದಾರನು ವೇತನ ನೀಡದಿದ್ದಲ್ಲಿ ಮೂಲ ನಿಯೋಜಕರು ಅದನ್ನು ಪಾವತಿಸಿ ಗುತ್ತಿಗೆದಾರನ ಬಾಕಿಯಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಬಿಲ್ಲುಗಳಿಂದ ನಿರ್ಮಾಣ ಕಾರ್ಮಿಕರ ಕಲ್ಯಾಣ ಉಪಕರವನ್ನು ಕಡಿತಗೊಳಿಸಲಾಗುವುದರಿಂದ ದರ ಲೆಕ್ಕಾಚಾರದಲ್ಲಿ ಇದನ್ನು ಸೇರಿಸಿಕೊಳ್ಳತಕ್ಕದ್ದು. ಉಪಕರದಿಂದ ದೊರೆಯುವ ಸೌಲಭ್ಯಗಳನ್ನು ಪಡೆಯಲು ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾಗಿರಬೇಕು.

12. ಮೇಲ್ಮನವಿ ಮತ್ತು ಮಾಹಿತಿ ಹಕ್ಕು

ಟೆಂಡರ್ ಅಂಗೀಕರಿಸುವ ಪ್ರಾಧಿಕಾರದ ಆದೇಶದಿಂದ ಬಾಧಿತರಾದ ಟೆಂಡರುದಾರರು ಆದೇಶ ತಲುಪಿದ 30 ದಿನಗಳೊಳಗೆ ನಿಯಮಿತ ಪ್ರಾಧಿಕಾರಕ್ಕೆ ಅಧಿನಿಯಮದ 16ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು. ಆದೇಶ ತಲುಪಿದ ದಿನಾಂಕದ ಪುರಾವೆಯನ್ನು ಇಟ್ಟುಕೊಳ್ಳತಕ್ಕದ್ದು.

ಟೆಂಡರ್‌ನಲ್ಲಿ ಭಾಗವಹಿಸದ ಸಾರ್ವಜನಿಕರೂ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕರಾರು, ಅಳತೆ ಪುಸ್ತಕ, ಬಿಲ್ಲುಗಳ ಪ್ರತಿಗಳನ್ನು ಕೋರಬಹುದು. ಕಾಮಗಾರಿಯನ್ನು ಪರಿವೀಕ್ಷಿಸಲು ಹಾಗೂ ಸಾಮಗ್ರಿಗಳ ದೃಢೀಕೃತ ಮಾದರಿ ಪಡೆಯಲು ಸಹ ಈ ಅಧಿನಿಯಮವು ಹಕ್ಕು ನೀಡಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಗ್ರಾಮದ ರಸ್ತೆಯು ಒಂದೇ ಮಳೆಗೆ ಕಿತ್ತುಹೋದಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದಿನವರೆಗಿದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಉಪಯುಕ್ತ. ಅವಧಿಯೊಳಗಿದ್ದಲ್ಲಿ ಕೆಲಸದ ದೋಷವನ್ನು ಗುತ್ತಿಗೆದಾರನ ಖರ್ಚಿನಿಂದಲೇ ಸರಿಪಡಿಸಬೇಕೆಂದು ಲಿಖಿತವಾಗಿ ಕೋರಬಹುದು.

13. ಸಲ್ಲಿಸುವ ಮುನ್ನ ಪರಿಶೀಲನಾ ಪಟ್ಟಿ

1) ಗುತ್ತಿಗೆ ಮಾಹಿತಿಯ ಎಲ್ಲ ಅಂಶಗಳನ್ನು ಓದಲಾಗಿದೆಯೇ?
2) ನಿವೇಶನಕ್ಕೆ ಭೇಟಿ ನೀಡಿ ಮಣ್ಣಿನ ಸ್ವರೂಪ, ದಾರಿ, ನೀರಿನ ಲಭ್ಯತೆ, ಕ್ವಾರಿಯ ದೂರ ನೋಡಲಾಗಿದೆಯೇ?
3) ದರದಲ್ಲಿ ತೆರಿಗೆ, ಉಪಕರ, ವಿಮೆ ಹಾಗೂ ಬ್ಯಾಂಕ್ ಖಾತರಿಯ ವೆಚ್ಚ ಸೇರಿದೆಯೇ?
4) ಟೆಂಡರ್ ಸಾಮರ್ಥ್ಯದ ಲೆಕ್ಕದಲ್ಲಿ ಕೈಯಲ್ಲಿರುವ ಎಲ್ಲ ಕೆಲಸಗಳನ್ನು ತೋರಿಸಲಾಗಿದೆಯೇ?
5) ತಿದ್ದೋಲೆಗಳು ಪ್ರಕಟವಾಗಿವೆಯೇ ಎಂದು ಪೋರ್ಟಲ್‌ನಲ್ಲಿ ಪುನಃ ಪರಿಶೀಲಿಸಲಾಗಿದೆಯೇ?
6) ಕೊನೆಯ ಗಂಟೆಗೆ ಕಾಯದೆ ಸಲ್ಲಿಸಿ ಸ್ವೀಕೃತಿಯನ್ನು ಪಡೆಯಲಾಗಿದೆಯೇ?

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಇಲ್ಲಿ ನೀಡಿರುವ ಲೆಕ್ಕಗಳು ಉದಾಹರಣೆಗಳಾಗಿರುತ್ತವೆ. ಅಧಿನಿಯಮ, ನಿಯಮಗಳು, ಸರ್ಕಾರಿ ಆದೇಶಗಳು ಹಾಗೂ ಆಯಾ ಕಾಮಗಾರಿಯ ಟೆಂಡರ್ ದಸ್ತಾವೇಜಿನಲ್ಲಿರುವ ಷರತ್ತುಗಳೇ ಅಂತಿಮ. ಹೆಚ್ಚಿನ ವಿವರಗಳಿಗೆ ಟೆಂಡರ್ ಪ್ರಕಟಣೆಯಲ್ಲಿ ನಮೂದಿಸಿರುವ ಕಾರ್ಯಪಾಲಕ ಇಂಜಿನಿಯರ್ ಅವರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.